ಬೆಲೆ ಗೊತ್ತಿಲ್ಲದ ಗೆರೆಗಳು

ಬಿಲ್ಲಿಂಗ್ ಕೌಂಟರಿನ ಹುಡುಗಿ ಟೂತ್‌ಪೇಸ್ಟ್ ಡಬ್ಬಿಯನ್ನು ಸ್ಕ್ಯಾನರ್ ಮುಂದೆ ಹಿಡಿದಳು. ಬೀಪ್ ಅಂತ ಸದ್ದಾಯಿತು. ಆದರೆ ಪರದೆಯ ಮೇಲೆ ಬೆಲೆ ಮೂಡುವ ಬದಲು ಪುಟ್ಟದೊಂದು ಚೌಕ ತೆರೆದು ಎರಡು ಬೆಲೆ ತೋರಿಸಿತು. ಆಕೆ ಡಬ್ಬಿ ತಿರುಗಿಸಿ, ಅದರ ಮೇಲೆ ಅಚ್ಚಾಗಿದ್ದ ಎಂಆರ್‌ಪಿ ಓದಿ, ಎರಡರಲ್ಲಿ ಒಂದನ್ನು ಒತ್ತಿದಳು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರಿಗೆ ಇದು ಸರಿಕಾಣಲಿಲ್ಲ.

‘ಏನಮ್ಮ, ಮಿಷನ್ನೇ ಬೆಲೆ ಹೇಳಬೇಕಲ್ವಾ? ನೀನ್ಯಾಕೆ ನೋಡಿ ಒತ್ತೋದು?’

‘ಹಳೇ ಸ್ಟಾಕೂ ಇದೆ, ಹೊಸದೂ ಇದೆ ತಾತ. ಎರಡಕ್ಕೂ ಕೋಡ್ ಒಂದೇ, ರೇಟ್ ಬೇರೆ.’

ಇದು ನಡೆದದ್ದು ತಿಪಟೂರಿನಲ್ಲಿ, 2025ರ ದಸರಾ ಕಳೆದ ಮೇಲೆ. ಆ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಸೋಪು, ಶಾಂಪೂಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿತ್ತು. ಒಂದೇ ರಾತ್ರಿಯಲ್ಲಿ ದೇಶದ ಅಂಗಡಿಗಳ ಸಾವಿರಾರು ಸಾಮಾನುಗಳ ಬೆಲೆ ಬದಲಾಯಿತು. ಅವುಗಳ ಮೈಮೇಲಿನ ಕಪ್ಪು ಗೆರೆಗಳಲ್ಲಿ ಮಾತ್ರ ಒಂದೂ ಬದಲಾಗಲಿಲ್ಲ. ಬದಲಾಗಬೇಕಾದ ಅಗತ್ಯವೂ ಇರಲಿಲ್ಲ, ಯಾಕೆಂದರೆ ಆ ಗೆರೆಗಳೊಳಗೆ ಬೆಲೆ ಎಂಬುದೇ ಇಲ್ಲ.

ಬಾರ್‌ಕೋಡ್ ಬಗ್ಗೆ ನಮ್ಮಲ್ಲಿ ಬಹುತೇಕರಿಗೆ ಇರುವ ನಂಬಿಕೆ ಆ ತಾತನದೇ. ಗೆರೆಗಳೊಳಗೆ ಬೆಲೆ ಇದೆ, ಕಂಪನಿಯ ಹೆಸರಿದೆ, ತಯಾರಾದ ದಿನ ಇದೆ ಎಂದುಕೊಂಡಿರುತ್ತೇವೆ. ದಿನಸಿ ಪೊಟ್ಟಣದ ಮೇಲಿನ ಮಾಮೂಲಿ ಬಾರ್‌ಕೋಡಿನಲ್ಲಿ ಇರುವುದು 13 ಅಂಕಿಗಳ ಒಂದು ಸಂಖ್ಯೆ, ಅಷ್ಟೇ. ಅದು ಆ ವಸ್ತುವಿನ ಹೆಸರು. ಸ್ಕ್ಯಾನರ್ ಹೆಸರು ಕೂಗುತ್ತದೆ. ಅಂಗಡಿಯ ಕಂಪ್ಯೂಟರ್ ತನ್ನ ಖಾತೆ ಪುಸ್ತಕ ತೆರೆದು ‘ಈ ಹೆಸರಿನವರ ಬೆಲೆ ಇಷ್ಟು, ತೆರಿಗೆ ಇಷ್ಟು, ಉಳಿದಿರುವುದು ಇಷ್ಟು’ ಎಂದು ಹೇಳುತ್ತದೆ. ಪುಸ್ತಕದಲ್ಲಿ ತಪ್ಪು ಬರೆದಿದ್ದರೆ ಬಿಲ್ಲೂ ತಪ್ಪೇ. ಬಾರ್‌ಕೋಡಿನಿಂದ ವ್ಯಾಪಾರಕ್ಕೆ ಆಗುವ ಎಲ್ಲ ಅನುಕೂಲಗಳೂ, ಎಲ್ಲ ಎಡವಟ್ಟುಗಳೂ ಹುಟ್ಟುವುದು ಈ ಒಂದು ಸಂಗತಿಯಿಂದ.

ಮನೆಯಲ್ಲಿರುವ ಯಾವುದಾದರೂ ಬಿಸ್ಕತ್ ಪೊಟ್ಟಣ ಕೈಗೆತ್ತಿಕೊಳ್ಳಿ. ಭಾರತದಲ್ಲಿ ಸಂಖ್ಯೆ ಪಡೆದ ಕಂಪನಿಯದಾದರೆ ಗೆರೆಗಳ ಕೆಳಗಿನ ಅಂಕಿಗಳು 890ರಿಂದ ಶುರುವಾಗುತ್ತವೆ. ಉದಾಹರಣೆಗೆ 8901234567890 ಎಂದಿಟ್ಟುಕೊಳ್ಳೋಣ. ಸರಿಯಾಗಿ ಗಮನಿಸಿದರೆ ಮೊದಲ 8 ಗೆರೆಗಳ ಕೆಳಗೆ ಇರುವುದಿಲ್ಲ. ಎಡಗಡೆ ಹೊರಗೆ, ಬಾಗಿಲಾಚೆ ನಿಂತವರ ಹಾಗೆ ನಿಂತಿರುತ್ತದೆ. ಮುಂದಿನ ಆರು ಅಂಕಿ ಎಡ ಅರ್ಧದಲ್ಲಿ, ಕೊನೆಯ ಆರು ಬಲ ಅರ್ಧದಲ್ಲಿ. ಎರಡೂ ತುದಿಗೆ ಮತ್ತು ನಟ್ಟನಡುವೆ ಎರಡೆರಡು ಸಣ್ಣ ಗೆರೆಗಳು ಉಳಿದವಕ್ಕಿಂತ ಉದ್ದವಾಗಿ ಕೆಳಗಿಳಿದಿರುತ್ತವೆ. ಅವು ಕಾವಲು ಗೆರೆಗಳು: ಇಲ್ಲಿಂದ ಶುರು, ಇಲ್ಲಿ ನಡು, ಇಲ್ಲಿಗೆ ಮುಗಿಯಿತು ಎಂದು ಯಂತ್ರಕ್ಕೆ ಹೇಳುವುದು ಅವುಗಳ ಕೆಲಸ.

ಪ್ರತಿ ಅಂಕಿಗೂ ಅಳಗುಳಿ ಮಣೆಯ ಒಂದು ಬದಿಗೆ ಇರುವಂತೆ ಏಳು ಮನೆ. ಆ ಏಳು ಮನೆಗಳನ್ನು ಎರಡು ಕಪ್ಪು ಪಟ್ಟಿ, ಎರಡು ಬಿಳಿ ಪಟ್ಟಿ ಹಂಚಿಕೊಳ್ಳುತ್ತವೆ. ಎಡ ಅರ್ಧದಲ್ಲಿ 3 ಎಂಬ ಅಂಕಿಯನ್ನು ಒಂದು ಮನೆ ಬಿಳಿ, ನಾಲ್ಕು ಮನೆ ಕಪ್ಪು, ಮತ್ತೆ ಒಂದು ಬಿಳಿ, ಒಂದು ಕಪ್ಪು ಎಂದು ಬರೆಯಬಹುದು. 1 ಬೇಕಿದ್ದರೆ ಎರಡು ಬಿಳಿ, ಎರಡು ಕಪ್ಪು, ಎರಡು ಬಿಳಿ, ಒಂದು ಕಪ್ಪು. ಹೀಗೆ ಹನ್ನೆರಡು ಅಂಕಿ ಮತ್ತು ಕಾವಲು ಗೆರೆಗಳು ಸೇರಿ 95 ಮನೆ. ಮೂಲ ಅಳತೆಯಲ್ಲಿ ಒಂದು ಮನೆಯ ಅಗಲ 0.33 ಮಿಲಿಮೀಟರ್. ನಾವು ಗೆರೆಗಳನ್ನಷ್ಟೇ ನೋಡುತ್ತೇವೆ. ಯಂತ್ರಕ್ಕೆ ನಡುವಿನ ಬಿಳಿಯೂ ಕಪ್ಪಿನಷ್ಟೇ ಅಕ್ಷರ.

ಹನ್ನೆರಡು ಅಂಕಿಗಳ ಲೆಕ್ಕವೇನೋ ಸರಿ, ಬಾಗಿಲಾಚೆ ನಿಂತ 8 ಎಲ್ಲಿ ಹೋಯಿತು? ನನಗೆ ಇಡೀ ಬಾರ್‌ಕೋಡಿನಲ್ಲಿ ತುಂಬ ಇಷ್ಟವಾದ ಜಾಣತನ ಇರುವುದು ಇಲ್ಲೇ. ಅಮೆರಿಕದವರು 1973ರಲ್ಲಿ ಒಪ್ಪಿಕೊಂಡ ಮೂಲ ಸಂಕೇತದಲ್ಲಿ ಇದ್ದದ್ದು 12 ಅಂಕಿ. 1977ರಲ್ಲಿ ಯುರೋಪಿನ 12 ದೇಶಗಳ ತಯಾರಕರು ಮತ್ತು ವ್ಯಾಪಾರಿಗಳು ಸೇರಿ ತಮ್ಮದೊಂದು ವ್ಯವಸ್ಥೆ ಕಟ್ಟಿದಾಗ ಇನ್ನೊಂದು ಅಂಕಿ ಬೇಕಾಯಿತು. ಆದರೆ ಚಿತ್ರ ಅಗಲವಾಗಬಾರದು, ಅಮೆರಿಕದ ಹಳೆಯ ಸಂಕೇತವೂ ಅದೇ ಯಂತ್ರದಲ್ಲಿ ಓದಲು ಬರಬೇಕು. ಅದಕ್ಕೆ ಅವರು ಎಡ ಅರ್ಧದ ಪ್ರತಿ ಅಂಕಿಗೂ ಎರಡು ರೂಪ ಕೊಟ್ಟರು. ಒಂದು ರೂಪದಲ್ಲಿ ಕಪ್ಪು ಮನೆಗಳ ಸಂಖ್ಯೆ ಬೆಸ, ಇನ್ನೊಂದರಲ್ಲಿ ಸಮ. ಆರು ಅಂಕಿಗಳು ಯಾವ ಕ್ರಮದಲ್ಲಿ ಬೆಸ, ಸಮ ರೂಪ ತಾಳುತ್ತವೆ ಎಂಬುದೇ ಏಳನೆಯ ಅಂಕಿಯನ್ನು ಹೇಳುತ್ತದೆ. ಬೆಸ, ಸಮ, ಬೆಸ, ಸಮ, ಸಮ, ಬೆಸ ಎಂದು ಬಂದರೆ ಹೊರಗೆ ನಿಂತಿರುವುದು 8. ನಮ್ಮ 890ರ ಸಂಕೇತಗಳೆಲ್ಲವೂ ಇದೇ ತಾಳದಲ್ಲಿ ನಡೆಯುತ್ತವೆ. 8ಕ್ಕೆ ತನ್ನದೆಂಬ ಒಂದು ಗೆರೆಯೂ ಇಲ್ಲ, ಆದರೂ ಅದು ಅಲ್ಲೇ ಇದೆ.

ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದರೂ ಸ್ಕ್ಯಾನರ್ ತಪ್ಪುವುದಿಲ್ಲವಲ್ಲ, ಅದಕ್ಕೂ ಈ ಬೆಸ-ಸಮವೇ ಕಾರಣ. ಎಡ ಅರ್ಧದ ಮೊದಲ ಅಂಕಿ ಯಾವಾಗಲೂ ಬೆಸ ರೂಪದ್ದು. ಬಲ ಅರ್ಧದಲ್ಲಿ ಎಲ್ಲವೂ ಸಮ. ಮೊದಲಿಗೇ ಸಮ ಸಿಕ್ಕಿತೆಂದರೆ ತಾನು ಬಾಲದಿಂದ ಓದುತ್ತಿದ್ದೇನೆ ಎಂದು ಯಂತ್ರಕ್ಕೆ ತಿಳಿಯುತ್ತದೆ.

ಇನ್ನು ಕೊನೆಯ ಅಂಕಿ. ಅದು ವಸ್ತುವಿನ ಹೆಸರಿಗೆ ಸೇರಿದ್ದಲ್ಲ, ಉಳಿದ ಹನ್ನೆರಡನ್ನು ಕಾಯುವ ತಾಳೆ ಅಂಕಿ. ಲೆಕ್ಕ ಸುಲಭ. ಎಡದಿಂದ 1, 3, 5, 7, 9, 11ನೇ ಸ್ಥಾನದ ಅಂಕಿಗಳನ್ನು ಕೂಡಿಸಿ: 8, 0, 2, 4, 6, 8 ಸೇರಿ 28. ಉಳಿದ ಸ್ಥಾನಗಳ 9, 1, 3, 5, 7, 9 ಸೇರಿ 34; ಅದನ್ನು ಮೂರರಿಂದ ಗುಣಿಸಿದರೆ 102. ಒಟ್ಟು 130. ಇದು ಆಗಲೇ ಹತ್ತರ ಮಗ್ಗಿಯಲ್ಲಿರುವುದರಿಂದ ತಾಳೆ ಅಂಕಿ 0. ಒಟ್ಟು 134 ಬಂದಿದ್ದರೆ 140 ಮುಟ್ಟಲು ಬೇಕಾದ 6. ಗೆರೆ ಅಳಿಸಿಹೋಗಿ ಕೌಂಟರಿನವರು ಕೈಯಲ್ಲಿ ಸಂಖ್ಯೆ ಒತ್ತುವಾಗ ಒಂದು ಅಂಕಿ ತಪ್ಪಿದರೂ ತಾಳೆ ಕೂಡುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಬಹುಪಾಲು ಸಿಕ್ಕಿಬೀಳುತ್ತದೆ. ಆ ಎರಡರ ನಡುವಿನ ವ್ಯತ್ಯಾಸ ಐದು ಇದ್ದಾಗ ಮಾತ್ರ, ಅಂದರೆ 16 ಹೋಗಿ 61 ಆದಂಥ ತಪ್ಪು ಮಾತ್ರ, ಈ ಬಲೆಯಿಂದ ನುಣುಚಿಕೊಳ್ಳುತ್ತದೆ. ಮಗ್ಗಿ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ತೋರಿಸಿ ನೋಡಿ. ಅಡುಗೆಮನೆಯ ಡಬ್ಬಿಗಳೆಲ್ಲ ಹೊರಗೆ ಬರುತ್ತವೆ.

ಓದುವ ಕೆಲಸ ಬೆಳಕಿನದು. ಸ್ಕ್ಯಾನರಿನಿಂದ ಹೊರಟ ಕೆಂಪು ಬೆಳಕು ಬಿಳಿಯ ಮೇಲೆ ಬಿದ್ದರೆ ಹಿಂದಿರುಗುತ್ತದೆ, ಕಪ್ಪಿನ ಮೇಲೆ ಬಿದ್ದದ್ದು ಅಲ್ಲೇ ಇಂಗಿಹೋಗುತ್ತದೆ. ಹಿಂದಿರುಗಿದ ಬೆಳಕಿನ ಏರಿಳಿತ ವಿದ್ಯುತ್ತಿನ ಏರಿಳಿತವಾಗಿ, ಅಲ್ಲಿಂದ ಅಂಕಿಯಾಗಿ ಮಾರ್ಪಡುತ್ತದೆ. ಯಂತ್ರ ಗೆರೆಗಳ ಅಗಲವನ್ನು ಒಂದಕ್ಕೊಂದು ಹೋಲಿಸಿ ಅಳೆಯುವುದರಿಂದ ಕೈ ಬೇಗ ಆಡಿಸಿದರೂ, ನಿಧಾನ ಆಡಿಸಿದರೂ ನಡೆಯುತ್ತದೆ. ಬೆಳಕು ಕೆಂಪಾದ್ದರಿಂದ ಒಂದು ತೊಡಕಿದೆ: ಕೆಂಪು ಶಾಯಿಯಲ್ಲಿ ಮುದ್ರಿಸಿದ ಗೆರೆ ಯಂತ್ರದ ಕಣ್ಣಿಗೆ ಬಿಳಿಯಾಗಿಯೇ ಕಾಣುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಕಪ್ಪು ಗೆರೆ ಆಗಬಹುದು, ಬಿಳಿ ಹಿನ್ನೆಲೆಯ ಮೇಲೆ ಕೆಂಪು ಗೆರೆ ಆಗದು. ಗೆರೆಗಳ ಎರಡೂ ಪಕ್ಕ ಖಾಲಿ ಜಾಗ ಬಿಡಲೇಬೇಕು. ಡಿಸೈನ್ ಮಾಡುವವರು ಅಲ್ಲಿ ಬಳ್ಳಿಯೋ ಹೂವೋ ತುಂಬಿದರೆ ಓದಲು ಬರುವುದಿಲ್ಲ. ಸಣ್ಣ ಬಾಟಲಿಯ ಸುತ್ತ ಗೆರೆಗಳು ಬಳಸಿಕೊಂಡರೆ ಎರಡು ತುದಿಯೂ ಒಟ್ಟಿಗೆ ಕಾಣುವುದಿಲ್ಲವಾದ್ದರಿಂದ ಅವನ್ನು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಮುದ್ರಿಸಬೇಕು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಇವನ್ನು ಮೊದಲೇ ಕೇಳಿ ತಿಳಿದುಕೊಳ್ಳದೆ ಹತ್ತು ಸಾವಿರ ಪೊಟ್ಟಣ ಅಚ್ಚು ಹಾಕಿಸಿದವರ ನಷ್ಟ ಸಣ್ಣದಲ್ಲ.

ಈ ಗೆರೆಗಳ ಕತೆ ಶುರುವಾದದ್ದು ಕಡಲ ತೀರದ ಮರಳಿನಲ್ಲಿ. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಗೆ ದಿನಸಿ ಮಳಿಗೆಗಳ ಮುಖ್ಯಸ್ಥರೊಬ್ಬರು ಬಂದು, ಕೌಂಟರಿನಲ್ಲಿ ಸಾಮಾನಿನ ವಿವರ ತಂತಾನೇ ದಾಖಲಾಗುವ ಉಪಾಯ ಹುಡುಕಿಕೊಡಿ ಎಂದು ಡೀನ್ ಬಳಿ ಕೇಳಿದ್ದರು. ಡೀನ್ ಒಪ್ಪಲಿಲ್ಲ. ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಆತ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ವುಡ್‌ಲ್ಯಾಂಡ್ ಅದೇ ಧ್ಯಾನ ಹಿಡಿದು, ಕೆಲಸ ಬಿಟ್ಟು ಮಯಾಮಿ ಬೀಚಿನಲ್ಲಿದ್ದ ಅಜ್ಜನ ಮನೆಗೆ ಹೋಗಿ ಕೂತ. ಅವನಿಗೆ ಗೊತ್ತಿದ್ದ ಸಂಕೇತ ಭಾಷೆ ಒಂದೇ, ಸ್ಕೌಟ್‌ನಲ್ಲಿ ಕಲಿತ ಮೋರ್ಸ್. ಒಂದು ದಿನ ಮರಳಿನಲ್ಲಿ ಚುಕ್ಕಿ, ಅಡ್ಡಗೆರೆ ಬರೆದು, ಬೆರಳುಗಳನ್ನು ಹಾಗೇ ತನ್ನ ಕಡೆಗೆ ಎಳೆದುಕೊಂಡ. ಚುಕ್ಕಿಗಳು ತೆಳು ಗೆರೆಗಳಾದವು, ಅಡ್ಡಗೆರೆಗಳು ದಪ್ಪ ಗೆರೆಗಳಾದವು.

ಮೋರ್ಸ್ ಎಂಬುದು ಒಂದಾದ ಮೇಲೊಂದು ಕಿವಿಗೆ ಬೀಳುವ ಸದ್ದು. ವುಡ್‌ಲ್ಯಾಂಡ್ ಅದನ್ನು ಎಳೆದು ಉದ್ದವಾಗಿಸಿದ್ದರಿಂದ ಕಣ್ಣು ಎಲ್ಲಿ ಹಾಯ್ದರೂ ಅದೇ ಮಾತು ಸಿಗುವಂತಾಯಿತು. ಬಾರ್‌ಕೋಡಿಗೆ ಇರುವ ಎತ್ತರದ ಪ್ರಯೋಜನ ಇಂದಿಗೂ ಅಷ್ಟೇ. ಬೆಳಕು ಎಲ್ಲಿಂದ ದಾಟಿದರೂ ಆದೀತು, ಒಂದು ಕಡೆ ಹರಿದಿದ್ದರೆ ಇನ್ನೊಂದು ಕಡೆ ಓದಬಹುದು.

ಇಬ್ಬರೂ 1949ರ ಅಕ್ಟೋಬರ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1952ರ ಅಕ್ಟೋಬರ್ 7ರಂದು ಅದು ಸಿಕ್ಕಿತು. ಯಾವ ದಿಕ್ಕಿನಿಂದಲೂ ಓದಲು ಬರಲಿ ಎಂದು ಗೆರೆಗಳನ್ನು ಬಾಗಿಸಿ ಒಂದರೊಳಗೊಂದು ಬಳೆಗಳಂತೆ ಮಾಡಿದ್ದರು. ಅವರು ಕಟ್ಟಿದ ಮೊದಲ ಯಂತ್ರ ಮೇಜಿನಷ್ಟು ದೊಡ್ಡದು, ಅದಕ್ಕೆ 500 ವಾಟ್ ಬಲ್ಬ್. ಆ ಬಿಸಿಗೆ ಕಾಗದ ಹೊಗೆಯಾಡಿತು. ಉಪಾಯ ಸರಿಯಾಗಿಯೇ ಇತ್ತು, ಅದಕ್ಕೆ ಬೇಕಾದ ಬೆಳಕು ಇನ್ನೂ ಹುಟ್ಟಿರಲಿಲ್ಲ. ಲೇಸರ್ ಬಂದದ್ದು 1960ರಲ್ಲಿ. ಪೇಟೆಂಟನ್ನು 1962ರಲ್ಲಿ 15,000 ಡಾಲರಿಗೆ ಮಾರಿದರು. ಮರುವರ್ಷವೇ ಸಿಲ್ವರ್ ತೀರಿಕೊಂಡ, ಆಗಿನ್ನೂ 38 ವರ್ಷ. ತನ್ನ ಗೆರೆಗಳು ಒಂದಾದರೂ ಅಂಗಡಿ ಹೊಕ್ಕಿದ್ದನ್ನು ಅವನು ನೋಡಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಡುವೆ ಅಮೆರಿಕದ ರೈಲ್ವೆಯವರು 1967ರಿಂದ ವ್ಯಾಗನ್ನುಗಳಿಗೆ ಬಣ್ಣದ ಪಟ್ಟಿ ಅಂಟಿಸಿ ಗುರುತಿಸಲು ನೋಡಿದರು. ಧೂಳು, ಕೊಳೆ ಅದನ್ನು ಸೋಲಿಸಿತು. ಬಳೆಯಾಕಾರದ ಸಂಕೇತವನ್ನು 1972ರಲ್ಲಿ ಸಿನ್ಸಿನಾಟಿಯ ಒಂದು ಮಳಿಗೆಯಲ್ಲಿ ಪರೀಕ್ಷೆಗಿಟ್ಟರು. ಅಚ್ಚು ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ಶಾಯಿ ಸ್ವಲ್ಪ ಹರಡುತ್ತದೆ. ಬಳೆಯಾದರೆ ಆ ಕಡೆ ದಪ್ಪವಾಗಿ ಓದಲು ಕೆಡುತ್ತದೆ. ಐಬಿಎಂನ ಜಾರ್ಜ್ ಲಾರರ್ ಮತ್ತೆ ನೇರ ಗೆರೆಗಳಿಗೇ ಬಂದರು. ಗೆರೆಗಳನ್ನು ಕಾಗದ ಓಡುವ ದಿಕ್ಕಿಗೇ ನಿಲ್ಲಿಸಿದರೆ ಶಾಯಿ ಹರಡಿದರೂ ಗೆರೆ ಒಂದಿಷ್ಟು ಉದ್ದವಾಗುತ್ತದೆ, ಅಗಲ ಕೆಡುವುದಿಲ್ಲ. ಅಮೆರಿಕದ ದಿನಸಿ ಉದ್ಯಮದ ಸಮಿತಿ 1973ರ ಏಪ್ರಿಲ್ 3ರಂದು ಅದನ್ನು ಒಪ್ಪಿತು. 1974ರ ಜೂನ್ 26ರ ಬೆಳಿಗ್ಗೆ 8 ಗಂಟೆ 1 ನಿಮಿಷಕ್ಕೆ ಒಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ ಶರನ್ ಬುಕ್ಯಾನನ್ ಎಂಬ ಕ್ಯಾಷಿಯರ್ ರಿಗ್ಲಿ ಕಂಪನಿಯ ಜ್ಯೂಸಿ ಫ್ರೂಟ್ ಚ್ಯೂಯಿಂಗ್ ಗಮ್‌ನ ಹತ್ತರ ಕಟ್ಟನ್ನು ಸ್ಕ್ಯಾನ್ ಮಾಡಿದಳು. ಬೆಲೆ 67 ಸೆಂಟ್. ಅಂಥದೊಂದು ಕಟ್ಟು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಆಮೇಲೂ ವರ್ಷಗಟ್ಟಲೆ ಇದು ತೆವಳಿಕೊಂಡೇ ಸಾಗಿತು. ಮಳಿಗೆಗಳಲ್ಲಿ ಸ್ಕ್ಯಾನರ್ ಇಲ್ಲದೆ ಗೆರೆ ಯಾಕೆ ಮುದ್ರಿಸಬೇಕು ಎಂದು ತಯಾರಕರು, ಪೊಟ್ಟಣದ ಮೇಲೆ ಗೆರೆಯೇ ಇಲ್ಲದೆ ಸ್ಕ್ಯಾನರ್ ಯಾಕೆ ಕೊಳ್ಳಬೇಕು ಎಂದು ಮಳಿಗೆಯವರು. ಹುಚ್ಚು ಬಿಡುವವರೆಗೆ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯ ಸ್ಥಿತಿ. ಗ್ರಾಹಕರ ಸಂಘಟನೆಗಳೂ ವಿರೋಧಿಸಿದವು. ಗೆರೆ ಬಂದ ಮೇಲೆ ಅಂಗಡಿಯವರು ಒಂದೊಂದು ಡಬ್ಬಿಗೂ ಬೆಲೆ ಚೀಟಿ ಅಂಟಿಸುವುದನ್ನು ನಿಲ್ಲಿಸುತ್ತಾರೆ, ಕಪಾಟಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬೆಲೆಯಾದರೆ ನಮಗೆ ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಭಾರತದಲ್ಲಿ ಆ ಪ್ರಶ್ನೆ ಏಳಲಿಲ್ಲ. ನಮ್ಮಲ್ಲಿ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರಲೇಬೇಕು ಎಂಬ ಕಾನೂನಿದೆ. ಗೆರೆಯ ಒಳಗಿಲ್ಲದ ಬೆಲೆ ಗೆರೆಯ ಪಕ್ಕದಲ್ಲೇ ಇರುತ್ತದೆ. ಅಮೆರಿಕದ ಅಂಗಡಿಗಾರನಿಗೆ ಬಾರ್‌ಕೋಡಿನಿಂದ ಸಿಕ್ಕ ದೊಡ್ಡ ಲಾಭ ಬೆಲೆ ಚೀಟಿ ಅಂಟಿಸುವ ಕೂಲಿಯ ಉಳಿತಾಯ. ನಮ್ಮ ಅಂಗಡಿಗಾರನಿಗೆ ಆ ಕೂಲಿಯೇ ಇರಲಿಲ್ಲ. ನಮ್ಮಲ್ಲಿ 1996ರಲ್ಲಿ ಈಗ ಜಿಎಸ್-1 ಇಂಡಿಯಾ ಎನ್ನಲಾಗುವ ಸಂಸ್ಥೆ ಹುಟ್ಟಿ, 890ರ ಸಂಖ್ಯೆಗಳನ್ನು ಹಂಚಲು ಶುರುಮಾಡಿತು. ಪೊಟ್ಟಣಗಳ ಮೇಲೆ ಗೆರೆ ಬಂದು ವರ್ಷಗಳಾದರೂ ಬೀದಿಬದಿಯ ದಿನಸಿ ಅಂಗಡಿಗೆ ಸ್ಕ್ಯಾನರ್ ಬರದಿದ್ದಕ್ಕೆ ಈ ಅಚ್ಚಾದ ಬೆಲೆಯೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ಬೆಲೆ ಕಣ್ಣಿಗೇ ಕಾಣುವಾಗ ಯಂತ್ರ ಯಾಕೆ?

ನನ್ನ ದೊಡ್ಡಪ್ಪ ಹಾಗೇ ಹೇಳುತ್ತಿದ್ದರು. ಅವರ ಅಂಗಡಿಯಲ್ಲಿ ಉದ್ರಿ ಪುಸ್ತಕ ಇತ್ತು, ಸ್ಟಾಕ್ ಪುಸ್ತಕ ಇರಲಿಲ್ಲ. ಯಾವ ಸಾಮಾನು ಎಷ್ಟಿದೆ, ಯಾವುದು ಯಾವ ಡೀಲರಿನಿಂದ ಬರಬೇಕು, ಯಾವ ಎಣ್ಣೆ ಡಬ್ಬಿ ಹಳೆಯದು ಎಲ್ಲವೂ ತಲೆಯಲ್ಲೇ. ಒಂದು ಮಳೆಗಾಲ ಅವರು ಕಾಯಿಲೆ ಬಿದ್ದು ಎರಡು ತಿಂಗಳು ಮಲಗಿದರು. ಅಂಗಡಿ ಬಾಗಿಲು ತೆರೆದೇ ಇತ್ತು, ಅಣ್ಣ ಕೂತಿದ್ದ. ಆದರೆ ಕಡಲೆಬೇಳೆ ಖಾಲಿಯಾದದ್ದು ಗಿರಾಕಿ ಕೇಳಿದ ಮೇಲೆ ಗೊತ್ತಾಗುತ್ತಿತ್ತು. ಒಳಗಿನ ಕೋಣೆಯಲ್ಲಿ ಮೂರು ಪೆಟ್ಟಿಗೆ ಸೋಪು ಇದ್ದರೂ ಮತ್ತೆ ಮೂರು ತರಿಸಿದ್ದ. ಸಾಮಾನೆಲ್ಲ ಅಲ್ಲೇ ಇತ್ತು. ಅದರ ನೆನಪು ಮಾತ್ರ ಆಸ್ಪತ್ರೆಯಲ್ಲಿ ಮಲಗಿತ್ತು.

ಬಾರ್‌ಕೋಡ್ ಒಂದು ವ್ಯಾಪಾರಕ್ಕೆ ಏನು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ತಿಂಗಳನ್ನು ನೆನೆಯುತ್ತೇನೆ. ಕೌಂಟರಿನಲ್ಲಿ ಬೇಗ ಬಿಲ್ ಆಗುವುದು ಗಿರಾಕಿಯ ಕಣ್ಣಿಗೆ ಕಾಣುವ ಅನುಕೂಲ. ಅಂಗಡಿಯವನಿಗೆ ಅದಕ್ಕಿಂತ ದೊಡ್ಡದು, ಪ್ರತಿ ಬೀಪಿಗೂ ದಾಸ್ತಾನಿನ ಲೆಕ್ಕದಲ್ಲಿ ಒಂದು ಕಳೆಯುತ್ತದೆ ಎಂಬುದು. ಸಾಮಾನು ಬಂದಾಗ ರಟ್ಟಿನ ಪೆಟ್ಟಿಗೆಯ ಸಂಕೇತ ಓದಿದರೆ ಲೆಕ್ಕ ಕೂಡುತ್ತದೆ, ಡೀಲರಿನ ಬಿಲ್ಲಿನಲ್ಲಿ ಹನ್ನೆರಡು ಪೆಟ್ಟಿಗೆ ಇದ್ದು ಇಳಿದದ್ದು ಹನ್ನೊಂದಾದರೆ ಲಾರಿ ಹೊರಡುವ ಮುಂಚೆಯೇ ತಿಳಿಯುತ್ತದೆ. ಆ ಪೆಟ್ಟಿಗೆಗಳ ಮೇಲಿನ ಗೆರೆಗಳ ಸುತ್ತ ದಪ್ಪ ಕಪ್ಪು ಚೌಕಟ್ಟು ಇರುವುದನ್ನು ನೋಡಿರಬಹುದು. ಒರಟು ರಟ್ಟಿನ ಮೇಲೆ ಅಚ್ಚಿನ ಒತ್ತಡ ಸಮವಾಗಿ ಬೀಳಲಿ, ಸ್ಕ್ಯಾನರ್ ಓರೆಯಾಗಿ ಹಾಯ್ದು ಅರ್ಧ ಸಂಖ್ಯೆಯನ್ನೇ ಪೂರ್ತಿ ಎಂದುಕೊಳ್ಳದಿರಲಿ ಎಂದು ಅದನ್ನು ಹಾಕುತ್ತಾರೆ.

ಲೆಕ್ಕ ಹೀಗೆ ದಿನವೂ ತಾನಾಗಿ ಬೆಳೆದರೆ ಯಾವುದು ವಾರದಲ್ಲಿ ಖಾಲಿಯಾಗುತ್ತದೆ, ಯಾವುದರ ಮೇಲೆ ಮೂರು ತಿಂಗಳಿನಿಂದ ಧೂಳು ಕೂತಿದೆ ಎಂಬುದು ಕಾಣುತ್ತದೆ. ಕಡಿಮೆ ಬಂಡವಾಳದ ಅಂಗಡಿಗೆ ಇದು ಜೀವ. ಮಾರಾಟವಾಗದೆ ಕೂತ ಸಾಮಾನು ಅಂದರೆ ಕಪಾಟಿನಲ್ಲಿ ಬೀಗ ಹಾಕಿಟ್ಟ ದುಡ್ಡು. ಮಾರ್ಚ್ ಕೊನೆಯ ಸ್ಟಾಕ್ ಎಣಿಕೆಯಲ್ಲಿ ಪುಸ್ತಕದ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆ ನೋಡಿದರೆ, ಕಳುವೋ, ಒಡೆದದ್ದೋ, ಲೆಕ್ಕ ತಪ್ಪಿದ್ದೋ, ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಒಂದು ಎಳೆಯಾದರೂ ಸಿಗುತ್ತದೆ.

ಆದರೆ ಯಂತ್ರ ತಂದ ಕೂಡಲೇ ಲೆಕ್ಕ ಸರಿಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಗಿರಾಕಿ ನಾಲ್ಕು ಬಿಸ್ಕತ್ ಪೊಟ್ಟಣ ತರುತ್ತಾರೆ: ಒಂದು ಏಲಕ್ಕಿ, ಒಂದು ಕಿತ್ತಳೆ, ಒಂದು ಚಾಕೊಲೇಟ್, ಒಂದು ಅನಾನಸ್. ಬೆಲೆ ಎಲ್ಲಕ್ಕೂ ಹತ್ತೇ ರೂಪಾಯಿ. ಸಾಲು ಉದ್ದ ಇದೆ. ಕ್ಯಾಷಿಯರ್ ಏಲಕ್ಕಿಯದನ್ನು ಸ್ಕ್ಯಾನ್ ಮಾಡಿ ನಾಲ್ಕು ಎಂದು ಒತ್ತುತ್ತಾರೆ. ಬಿಲ್ಲು ಪೈಸೆಯಷ್ಟೂ ತಪ್ಪಿಲ್ಲ, ಗಿರಾಕಿಗೆ ಮೋಸವಿಲ್ಲ. ಆದರೆ ಆ ಒಂದು ಕ್ಷಣದಲ್ಲಿ ನಾಲ್ಕು ಸಾಮಾನುಗಳ ಲೆಕ್ಕ ಕೆಟ್ಟಿತು. ತಿಂಗಳು ಕಳೆಯುವಷ್ಟರಲ್ಲಿ ಕಂಪ್ಯೂಟರ್ ಏಲಕ್ಕಿ ಮುಗಿಯಿತು ಎನ್ನುತ್ತದೆ, ಕಪಾಟಿನಲ್ಲಿ ಏಲಕ್ಕಿ ತುಂಬಿದೆ. ಕಿತ್ತಳೆ ಇದೆ ಎನ್ನುತ್ತದೆ, ಕಪಾಟು ಖಾಲಿ. ಮುಂದಿನ ಆರ್ಡರ್ ಹೋಗುವುದು ಈ ತಪ್ಪು ಲೆಕ್ಕದ ಮೇಲೆಯೇ. ಹೊಸದಾಗಿ ಸ್ಕ್ಯಾನರ್ ಹಾಕಿಸುವ ಅಂಗಡಿಯವರಿಗೆ ನಾನು ಹೇಳುವ ಮಾತು ಒಂದೇ: ಕೌಂಟರಿನಲ್ಲಿ ಕೂರುವವರಿಗೆ ಇದನ್ನು ಮೊದಲು ತಿಳಿಸಿಕೊಡಿ. ಒಂದೊಂದನ್ನೂ ಬೇರೆಬೇರೆಯಾಗಿ ಓದಿಸುವುದರಲ್ಲಿ ಅಂಗಡಿಯ ನೆನಪು ಉಳಿಯುತ್ತದೆ ಎಂದು ಗೊತ್ತಾದರೆ ಅವರು ಖಂಡಿತ ಹಾಗೆ ಮಾಡುತ್ತಾರೆ.

ಸಣ್ಣ ತಯಾರಕರ ವಿಷಯದಲ್ಲಿ ನಾನು ಕಂಡ ಒಂದು ಕಷ್ಟವನ್ನು ಹೇಳಲೇಬೇಕು. ನಮ್ಮ ಕಡೆಯ ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೊಬ್ಬರಿ ಚಟ್ನಿಪುಡಿ ಮಾಡುತ್ತಾರೆ. ರುಚಿ ಚೆನ್ನಾಗಿತ್ತು, ಪಟ್ಟಣದ ದೊಡ್ಡ ಮಳಿಗೆಯವರು ಇಟ್ಟುಕೊಳ್ಳಲು ಒಪ್ಪಿದರು, ಬಾರ್‌ಕೋಡ್ ಬೇಕು ಎಂದರು. ಲೇಬಲ್ ಮಾಡಿಕೊಟ್ಟವರು ಅಂತರಜಾಲದಲ್ಲಿ ಬಿಟ್ಟಿ ಸಿಗುವ ತಂತ್ರಾಂಶದಲ್ಲಿ ಯಾವುದೋ ಸಂಖ್ಯೆ ಹಾಕಿ ಗೆರೆ ಬರೆಸಿಕೊಟ್ಟರು. ಮಳಿಗೆಯಲ್ಲಿ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಇನ್ಯಾವುದೋ ಕಂಪನಿಯ ಸಾಮಾನಿನ ಹೆಸರು! ಅಚ್ಚಾಗಿದ್ದ ಚೀಟಿಗಳೆಲ್ಲ ವ್ಯರ್ಥ.

ಗೆರೆಯ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು. ಸಂಖ್ಯೆಯನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ. ಜಗತ್ತಿನಲ್ಲಿ ಒಂದು ಸಂಖ್ಯೆ ಒಂದೇ ವಸ್ತುವಿನದು ಎಂಬ ಒಪ್ಪಂದದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಜಿಎಸ್-1 ಇಂಡಿಯಾದಲ್ಲಿ ನೋಂದಾಯಿಸಿ ಶುಲ್ಕ ಕಟ್ಟಿದರೆ ಸಂಘದ ಹೆಸರಿಗೆ 890ರಿಂದ ಶುರುವಾಗುವ ಒಂದು ಪೂರ್ವಸಂಖ್ಯೆ ಬರುತ್ತದೆ. ಅದರ ಮುಂದಿನ ಅಂಕಿಗಳನ್ನು ತಮ್ಮ ಒಂದೊಂದು ತಯಾರಿಕೆಗೆ ತಾವೇ ಹಂಚಿಕೊಳ್ಳಬೇಕು. ಬೆಳ್ಳುಳ್ಳಿ ಹಾಕಿದ್ದು, ಹಾಕದ್ದು, ಹೆಚ್ಚು ಖಾರದ್ದು ಎಂದು ಮೂರು ಬಗೆ. ಪ್ರತಿಯೊಂದೂ 200 ಗ್ರಾಂ ಮತ್ತು 500 ಗ್ರಾಂನಲ್ಲಿ. ಹಾಗಾದರೆ ಬೇಕಾದದ್ದು ಆರು ಸಂಖ್ಯೆ. ಬೆಲೆ ಏರಿಸಿದರೆ ಹೊಸ ಸಂಖ್ಯೆ ಬೇಡ. 200 ಗ್ರಾಂ ಇದ್ದದ್ದನ್ನು 180 ಮಾಡಿದರೆ ಬೇಕು, ಯಾಕೆಂದರೆ ಅದು ಬೇರೆ ವಸ್ತುವೇ ಆಯಿತು. ಈ ನಿಯಮದ ಹಿಂದಿನ ಪ್ರಾಮಾಣಿಕತೆ ನನಗೆ ಮೆಚ್ಚುಗೆ.

ಮೊಬೈಲಿನಲ್ಲಿ ಆಗಾಗ ಹರಿದಾಡುವ ಒಂದು ಸಂದೇಶವನ್ನೂ ಇಲ್ಲೇ ತಿದ್ದಬೇಕು. 890 ಇದ್ದರೆ ಭಾರತದಲ್ಲಿ ತಯಾರಾದದ್ದು, 690 ಇದ್ದರೆ ಚೀನಾದ್ದು ಎಂದು ಅದು ಹೇಳುತ್ತದೆ. ಆ ಮೂರು ಅಂಕಿ ಹೇಳುವುದು ಸಂಖ್ಯೆಯನ್ನು ಎಲ್ಲಿನ ಸಂಸ್ಥೆಯಿಂದ ಪಡೆದರು ಎಂಬುದನ್ನು. ಇಲ್ಲಿನ ಕಂಪನಿ ಎಲ್ಲಿ ಮಾಡಿಸಿ ತಂದರೂ 890 ಹಾಕಬಹುದು. ತಯಾರಾದ ದೇಶ ಬೇಕಿದ್ದರೆ ಪೊಟ್ಟಣದ ಅಕ್ಷರಗಳನ್ನೇ ಓದಬೇಕು. ಪುಸ್ತಕಗಳ ಬೆನ್ನಿಗೆ ಇರುವ 978 ಅಂತೂ ಯಾವ ದೇಶವೂ ಅಲ್ಲ, ಅದು ಪುಸ್ತಕಗಳಿಗೆಂದೇ ಮೀಸಲು. 2ರಿಂದ ಶುರುವಾದರೆ ಅದು ಅಂಗಡಿಯ ಒಳಗಿನ ಸಂಖ್ಯೆ. ಸೂಪರ್ ಮಾರ್ಕೆಟ್ಟಿನಲ್ಲಿ ಟೊಮೆಟೊ ತೂಗಿ ಅಂಟಿಸುವ ಚೀಟಿಯ ಮೇಲೆ ಅದನ್ನು ಕಾಣಬಹುದು. ತೂಕವನ್ನೋ ಬೆಲೆಯನ್ನೋ ಆ ಅಂಕಿಗಳ ಒಳಗೇ ಬರೆದಿರುತ್ತಾರೆ. ಗೆರೆಯೊಳಗೆ ಬೆಲೆ ಇದೆ ಎಂಬ ತಾತನ ನಂಬಿಕೆ ಈ ಒಂದು ಕಡೆ ನಿಜವಾಗಬಹುದು.

ವಸ್ತುವಿನ ಹೆಸರಷ್ಟೇ ಸಾಲದು ಎನ್ನುವ ಕಡೆಗಳೂ ಇವೆ. ಒಂದು ಔಷಧದ ಒಂದು ಬ್ಯಾಚಿನಲ್ಲಿ ದೋಷ ಕಂಡರೆ ಆ ಬ್ಯಾಚನ್ನಷ್ಟೇ ಹಿಂದಕ್ಕೆ ತರಿಸಬೇಕು. ಮಾಮೂಲಿ ಗೆರೆಗಳಿಗೆ ಬ್ಯಾಚೂ ಗೊತ್ತಿಲ್ಲ, ಅವಧಿ ಮುಗಿಯುವ ದಿನವೂ ಗೊತ್ತಿಲ್ಲ. 2023ರ ಆಗಸ್ಟ್ 1ರಿಂದ ನಮ್ಮ ದೇಶದ 300 ಪ್ರಮುಖ ಬ್ರ್ಯಾಂಡ್‌ಗಳ ಔಷಧಗಳ ಮೇಲೆ ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆಗಳನ್ನು ಒಳಗೊಂಡ ಸಂಕೇತ ಕಡ್ಡಾಯವಾಗಿದೆ. ಅಷ್ಟನ್ನು ಹಿಡಿಸಲು ಚೌಕದ ಕ್ಯೂಆರ್ ಕೋಡ್‌ನಂಥವು ಬೇಕು. ಅದನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದರು. ಗೆರೆಯ ಸಂಕೇತ ಅಡ್ಡಕ್ಕೆ ಮಾತ್ರ ಬರೆದರೆ ಇದು ಅಡ್ಡಕ್ಕೂ ಉದ್ದಕ್ಕೂ ಬರೆಯುತ್ತದೆ. ಈಗ ಎಳನೀರಿನ ಗಾಡಿಯವರೆಗೂ ಬಂದಿರುವ ಅದರ ಕತೆಯನ್ನೇ ಬೇರೆ ಬರೆಯಬೇಕು. ದಿನಸಿ ಸಾಮಾನುಗಳ ಮೇಲೂ ಅಂಥ ಚೌಕಗಳನ್ನು 2027ರ ಕೊನೆಯ ಹೊತ್ತಿಗೆ ಕೌಂಟರಿನಲ್ಲೇ ಓದುವಂತಾಗಬೇಕು ಎಂದು ಜಾಗತಿಕ ಜಿಎಸ್-1 ಸಂಸ್ಥೆ ಗುರಿ ಇಟ್ಟುಕೊಂಡಿದೆ. ಅದು ಆದರೆ, ಅವಧಿ ಮುಗಿದ ಮಗುವಿನ ಹಾಲಿನ ಪುಡಿಯನ್ನು ಸ್ಕ್ಯಾನ್ ಮಾಡಿದಾಗ ಯಂತ್ರ ಬಿಲ್ ಮಾಡಲು ಒಪ್ಪದೆ ತಡೆಯಬಹುದು. ನಾನು ಅದಕ್ಕಾಗಿ ಕಾಯುತ್ತಿದ್ದೇನೆ.

ದೊಡ್ಡಪ್ಪನ ಅಂಗಡಿಗೆ ಸ್ಕ್ಯಾನರ್ ಬಂದು ಕೆಲವು ವರ್ಷಗಳಾದವು. ಅಣ್ಣನೇ ತಂದದ್ದು, ಆ ಎರಡು ತಿಂಗಳನ್ನು ಮರೆಯದೆ. ಈಚೆಗೆ ಹೋಗಿದ್ದಾಗ ಅವನು ಪರದೆಯ ಮೇಲೆ ಒಂದು ಪಟ್ಟಿ ತೆಗೆದು ನೋಡುತ್ತಿದ್ದ. 90 ದಿನದಿಂದ ಒಂದೂ ಮಾರಾಟವಾಗದ ಸಾಮಾನುಗಳು. ಅದರಲ್ಲೊಂದು ತಲೆಗೆ ಹಚ್ಚುವ ಎಣ್ಣೆ. ಅದಕ್ಕೆ ಮುಂಚೆ ತಿಂಗಳಿಗೆ ನಾಲ್ಕು ಬಾಟಲಿ ತಪ್ಪದೆ ಹೋಗುತ್ತಿತ್ತು. ಬೆಲೆ ಹೆಚ್ಚಾಯಿತೇನೋ, ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತಿದೆಯೇನೋ ಎಂದು ಅವನ ಯೋಚನೆ.

ಗಲ್ಲಾದ ಪಕ್ಕ ಕುರ್ಚಿ ಹಾಕಿ ಕೂತಿದ್ದ ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: ‘ಅದನ್ನ ತಗೊಳ್ತಿದ್ದಿದ್ದು ಹೈಸ್ಕೂಲ್ ಮೇಷ್ಟ್ರ ಮನೆಯವರೊಬ್ಬರೇ ಕಣಪ್ಪ. ಮೇಷ್ಟ್ರಿಗೆ ಹಾಸನಕ್ಕೆ ವರ್ಗ ಆಯ್ತಲ್ಲ, ಯುಗಾದಿ ಆದ್ಮೇಲೆ.’

ಅಣ್ಣ ಆ ಎಣ್ಣೆಯನ್ನು ಆರ್ಡರ್ ಪಟ್ಟಿಯಿಂದ ತೆಗೆದ. ಉಳಿದಿದ್ದ ಎರಡು ಬಾಟಲಿಯನ್ನು ಮುಂದಿನ ಕಪಾಟಿಗೆ ತಂದಿಟ್ಟ.